ತೊಗರಿ ಖೋಲಿಯ ಪಿಯಾನೋ

ಜೇವರ್ಗಿ
19 ಆಗಸ್ಟ್ 2024

ಪುಣೆಯ ಪಿಯಾನೋ ರಿಪೇರಿಯವರಿಗೆ, ಜೇವರ್ಗಿಯಿಂದ ಗೌರಾಬಾಯಿಯ ಶರಣು ಶರಣಾರ್ಥಿ.

ನಿಮ್ಮ ವಿಳಾಸ ನಮ್ಮ ಪಿಯಾನೋದ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಸಿಕ್ಕಿತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಒಬ್ಬ ಹಣ್ಣಿನ ವ್ಯಾಪಾರಿ ಎತ್ತಿದ. ಪಾಪ, ಬೈಯಲಿಲ್ಲ. ಪಿಯಾನೋ ಕೇಳುವವರು ವರ್ಷಕ್ಕೊಬ್ಬರಾದರೂ ಇರುತ್ತಾರೆ ಎಂದ. ಅದಕ್ಕೇ ಈ ಕಾಗದ. ಮರಾಠಿ ಓದುತ್ತೇನೆ, ಬರೆಯಲು ಧೈರ್ಯವಿಲ್ಲ. ಅಲ್ಲಿ ಯಾರಿಗಾದರೂ ಕನ್ನಡ ಬರುತ್ತದೆಂದು ನಂಬಿದ್ದೇನೆ.

ನಮ್ಮ ಯಜಮಾನರು ನಾಗಣ್ಣನವರು ತೊಗರಿ ವ್ಯಾಪಾರಿ. ಸೊಲ್ಲಾಪುರದಲ್ಲಿ ಮುಚ್ಚಿಹೋದ ಒಂದು ಕ್ಲಬ್ಬಿನ ಸಾಮಾನು ಹರಾಜಾದಾಗ ಅಂಗಡಿಗೆ ಕಪಾಟು ತರಲು ಹೋಗಿದ್ದರು. ಕಪಾಟು ಬೇಕಾದರೆ ಜೊತೆಗೆ ಇದನ್ನೂ ಒಯ್ಯಿರಿ ಎಂದು ಪಿಯಾನೋವನ್ನು ಲಾರಿಗೆ ಹೇರಿ ಕಳಿಸಿದರಂತೆ. ಈಗ ಅದು ಹಿಂದಿನ ಖೋಲಿಯಲ್ಲಿ ಗೋಡೆಗೆ ಒರಗಿ ನಿಂತಿದೆ. ಕೆಲವು ಪಟ್ಟಿ ಒತ್ತಿದರೆ ಮೇಲೇಳದೆ ಕೆಳಗೇ ಕೂಡುತ್ತವೆ, ಕೆಲವು ಮೂಕ, ಉಳಿದವು ಒಂದರ ಮಾತು ಒಂದಕ್ಕೆ ಸೇರದೆ ಕೂಗುತ್ತವೆ. ಯಜಮಾನರು ಅದನ್ನು ಗೊಡ್ಡೆಮ್ಮೆ ಎಂದು ಕರೆಯುತ್ತಾರೆ.

ಕಷ್ಟ ಇರುವುದು ಜಾಗದ್ದು. ಎಳ್ಳಮಾವಾಸ್ಯೆ ಮುಗಿದರೆ ತೊಗರಿ ಬರುತ್ತದೆ, ಆ ಖೋಲಿ ತೊಗರಿ ಚೀಲದ್ದು. ಅವರು ಹೇಳಿದ್ದು ಇಷ್ಟು: “ಅಷ್ಟರಾಗ ಹಾಡಿದ್ರ ಇರಲಿ. ಇಲ್ಲಾಂದ್ರ ಕಲ್ಲಿನಾಥಗ ಕೊಟ್ಟುಬಿಡ್ತೇನಿ.” ಕಲ್ಲಿನಾಥ ಅಫಜಲಪುರದ ಬಡಗಿ. ಒಮ್ಮೆ ಬಂದು ಅದರ ಬೆನ್ನು ತಟ್ಟಿ, ಇದರಲ್ಲಿ ಎರಡು ಮಂಚ ಆಗುತ್ತವೆ ಎಂದು ಹೇಳಿ ಹೋಗಿದ್ದಾನೆ.

ಕಲಬುರಗಿಯ ಹಾಸ್ಟೆಲಿನಲ್ಲಿ ಓದುವಾಗ ನಮ್ಮ ವಾರ್ಡನ್ ಬಾಯಿಯವರು ರವಿವಾರ ಪಿಯಾನೋ ನುಡಿಸುತ್ತಿದ್ದರು. ನಾವು ಹುಡುಗಿಯರು ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆವು. ಮುಟ್ಟಲು ಬಿಟ್ಟಿರಲಿಲ್ಲ. ಈ ಮನೆಗೆ ಬಂದ ಸಾಮಾನುಗಳಲ್ಲಿ ನನ್ನದೆಂದು ಅನಿಸಿದ್ದು ಇದೊಂದೇ, ಇದೂ ತಪ್ಪಿ ಬಂದದ್ದು. ಮಂಚವಾಗಲು ಬಿಡಲಾರೆ. ಏನಾದರೂ ದಾರಿ ಹೇಳಿ.

ಗೌರಾಬಾಯಿ

*

ಪುಣೆ
30 ಆಗಸ್ಟ್ 2024

ಗೌರಾಬಾಯಿಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಮ್ಮ ಮಾಲೀಕರು ಮೊದಲು ತಲೆಕೆಳಗಾಗಿ ಹಿಡಿದು ನೋಡಿದರು. ಆಮೇಲೆ ನನ್ನ ಮುಂದಿಟ್ಟರು. ನಾನು ಮೈತ್ರಿ, ಊರು ಆಳಂದ ತಾಲ್ಲೂಕಿನ ನಿಂಬರ್ಗಾ. ನನ್ನ ಅವ್ವ ಅಲ್ಲೇ ಇದ್ದಾಳೆ. ಒಂಬತ್ತು ವರ್ಷದಿಂದ ಇಲ್ಲಿ ಪಿಯಾನೋ ರಿಪೇರಿ ಮಾಡುತ್ತಿದ್ದೇನೆ. ಜೇವರ್ಗಿಯಿಂದ ಪಿಯಾನೋದ ಬಗ್ಗೆ ಕಾಗದ ಬರುತ್ತದೆಂದು ಯಾರಾದರೂ ಹೇಳಿದ್ದರೆ ಪಂಥ ಕಟ್ಟಿ ಸೋಲುತ್ತಿದ್ದೆ.

ಕೆಳಗೆ ನನ್ನ ನಂಬರ್ ಇದೆ. ಆದರೆ ಕಾಗದವೇ ಒಳ್ಳೆಯದು. ಫೋನಿನಲ್ಲಿ ಹೇಳಿದ್ದು ಕೈಗೆ ಸ್ಕ್ರೂ ಬಂದ ಕೂಡಲೇ ಮರೆತುಹೋಗುತ್ತದೆ. ಕಾಗದವನ್ನು ಪಿಯಾನೋದ ಮೇಲೆ ನಿಲ್ಲಿಸಿಕೊಂಡು ಓದುತ್ತ ಮಾಡಬಹುದು.

ಗಾಬರಿಯಾಗಬೇಡಿ. ನೀವು ಹೇಳಿದ ರೋಗಗಳಲ್ಲಿ ಹೆಚ್ಚಿನವು ಎಲ್ಲ ಹಳೆಯ ಪಿಯಾನೋಗಳಿಗೂ ಬರುವಂಥವು. ಮೇಲಿನ ಮುಚ್ಚಳ ಎತ್ತಿ, ಎದುರಿನ ಹಲಗೆಯನ್ನು ಹಿಡಿದಿರುವ ಎರಡು ತಿರುಗಣೆ ಬಿಚ್ಚಿದರೆ ಹಲಗೆ ಕೈಗೆ ಬರುತ್ತದೆ. ಒಳಗೆ ಸಾಲಾಗಿ ಪುಟ್ಟ ಸುತ್ತಿಗೆಗಳಿವೆ, ಉಣ್ಣೆಯ ತಲೆಯವು. ಪಟ್ಟಿ ಒತ್ತಿದರೆ ಸುತ್ತಿಗೆ ತಂತಿಗೆ ಬಡಿಯುತ್ತದೆ. ಅಷ್ಟೇ ಅದರ ಗುಟ್ಟು. ಇಲಿಗೂಡು ಇದೆಯೇ, ಉಣ್ಣೆಗೆ ನುಸಿ ಬಿದ್ದಿದೆಯೇ, ಸುತ್ತಿಗೆಯ ಕಡ್ಡಿ ಮುರಿದಿದೆಯೇ ನೋಡಿ. ಒಂದೊಂದೇ ಪಟ್ಟಿ ಒತ್ತಿ, ಯಾವುದು ಕೂಡುತ್ತದೆ, ಯಾವುದು ಮೂಕ ಎಂದು ಗುರುತು ಹಾಕಿ. ನೀರಿನ ಬಟ್ಟೆ ತಾಗಿಸಬೇಡಿ.

ಮೈತ್ರಿ

*

ಜೇವರ್ಗಿ
14 ಸೆಪ್ಟೆಂಬರ್ 2024

ಮೈತ್ರಿಯವರಿಗೆ ಶರಣು ಶರಣಾರ್ಥಿ.

ನಿಂಬರ್ಗಾದವರು ಎಂದು ಓದಿ ನನ್ನ ಅರ್ಧ ಚಿಂತೆ ಇಳಿಯಿತು. ನಮ್ಮ ಕಡೆಯ ಮಗಳು ಪುಣೆಯಲ್ಲಿ ಪಿಯಾನೋ ಬಿಚ್ಚುತ್ತಾಳೆಂದು ಸಿಕ್ಕವರಿಗೆಲ್ಲ ಹೇಳಿದೆ. ಯಜಮಾನರು ನಂಬಲಿಲ್ಲ, ಕಾಗದ ತೋರಿಸಿದೆ.

ಹಲಗೆ ಬಿಚ್ಚುವಾಗ ಜೊತೆಗಿದ್ದವಳು ಖುರ್ಷಿದ, ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವವಳು, ನನ್ನ ಗೆಳತಿ. ಬಾಗಿಲ ಚಿಲಕವನ್ನೂ ತನ್ನ ಕತ್ತರಿಯಿಂದಲೇ ತೆರೆಯುವ ಹೆಂಗಸು. ಇಬ್ಬರೂ ಒಳಗೆ ಬಗ್ಗಿ ನೋಡಿದೆವು. ಆಮೇಲೆ ಖುರ್ಷಿದ, “ಇದು ಬಾಜಾ ಅಲ್ಲ ಗೌರಕ್ಕಾ, ಕೈಮಗ್ಗ” ಎಂದಳು.

ಇಲಿಗೂಡು ಇತ್ತು. ಯಾರದೋ ರೇಷ್ಮೆ ರುಮಾಲು, ಇಸ್ಪೀಟಿನ ಒಬ್ಬ ರಾಜ, ಬಹಳಷ್ಟು ಉಣ್ಣೆ ಸೇರಿಸಿ ಇಲಿ ಸುಖವಾಗಿ ಬಾಳಿದೆ. ಈಗಿಲ್ಲ. ಸುತ್ತಿಗೆಗಳ ಕೆಳಗಿನ ಉಣ್ಣೆಪಟ್ಟಿ ಜರಡಿಯಾಗಿದೆ. ಎರಡು ಸುತ್ತಿಗೆಗಳ ಕಡ್ಡಿ ಮುರಿದಿವೆ. ಕಾಲ ಬಳಿಯ ಪೆಡಲ್ ತುಳಿದರೆ ಬಾವಿಯ ಗಾಲಿಯಂತೆ ಕಿರುಗುಟ್ಟುತ್ತದೆ.

ಗುರುತಿಗೆ ಪಟ್ಟಿಗಳ ಮೇಲೆ ಹಣೆಗಿಡುವ ಟಿಕಲಿ ಅಂಟಿಸಿದೆ. ಮೂಕ ಪಟ್ಟಿಗೆ ಕೆಂಪು, ಕೂಡುವ ಪಟ್ಟಿಗೆ ಹಸಿರು. ಹಸಿರು ಸಾಲದೆ ಕೊನೆಗೆ ನೀಲಿ ತಂದೆ. ಯಜಮಾನರು ಬಂದು ನೋಡಿ, ಇಷ್ಟು ಮುತ್ತೈದೆಯರು ಒಂದೇ ಸಾಲಿನಲ್ಲಿ ಕೂತದ್ದು ಮದುವೆಯಲ್ಲೂ ನೋಡಿಲ್ಲ ಎಂದರು. ನಕ್ಕರು ಎಂಬುದೇ ದೊಡ್ಡದು.

ಕೂಡುವವು ಇಷ್ಟು ಯಾಕೆ ಎಂದು ನನಗೂ ತಿಳಿಯದು. ಮನೆಗೆ ಬಂದ ಹೊಸದರಲ್ಲಿ ಇಷ್ಟಿರಲಿಲ್ಲ.

ಗೌರಾಬಾಯಿ

*

ಪುಣೆ
25 ಸೆಪ್ಟೆಂಬರ್ 2024

ಗೌರಕ್ಕನವರಿಗೆ ನಮಸ್ಕಾರ.

ಟಿಕಲಿಯ ಉಪಾಯವನ್ನು ನಮ್ಮ ಮಾಲೀಕರಿಗೆ ಹೇಳಿದೆ. ಇಷ್ಟು ವರ್ಷ ಸೀಮೆಸುಣ್ಣ ಹಚ್ಚಿ ಅಳಿಸುತ್ತಿದ್ದೆವಲ್ಲ ಎಂದು ಅವರಿಗೆ ಬೇಸರವಾಯಿತು.

ಈ ಪೊಟ್ಟಣದಲ್ಲಿ ಉಣ್ಣೆಪಟ್ಟಿ ಇದೆ. ಸಾಲದಿದ್ದರೆ ಹಳೆಯ ಕಂಬಳಿಯ ಗಟ್ಟಿ ಭಾಗ ನಡೆಯುತ್ತದೆ, ಖುರ್ಷಿದ ಅವರು ಕತ್ತರಿಸಿಕೊಡಲಿ. ಮುರಿದ ಕಡ್ಡಿಯ ಎರಡೂ ತುದಿಗೆ ಬಡಗಿಯ ಅಂಟು ಹಚ್ಚಿ ಕೂಡಿಸಿ, ಮೇಲೆ ಹೊಲಿಗೆ ದಾರ ಒತ್ತಾಗಿ ಸುತ್ತಿ, ಒಂದು ರಾತ್ರಿ ಬಿಡಿ. ಮುರಿದ ಕೈಗೆ ಪಟ್ಟು ಕಟ್ಟಿದ ಹಾಗೆ. ಪೆಡಲ್ ಕಿರುಗುಟ್ಟಿದರೆ ಅದರ ಮರ ಉಜ್ಜುವ ಜಾಗಕ್ಕೆ ಪೆನ್ಸಿಲಿನ ಸೀಸದ ಪುಡಿ ತಿಕ್ಕಿ.

ಕೂಡುವ ಪಟ್ಟಿಗಳೇ ನನಗೆ ಒಗಟಾಗಿವೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ನಿಜ. ಆದರೆ ಜೇವರ್ಗಿಯ ಮಳೆಗೆ ಅಷ್ಟು ಉಬ್ಬಬಾರದು. ಕೂಡುವ ಒಂದು ಸುತ್ತಿಗೆಯನ್ನು ಬಿಚ್ಚಿ ಕಳಿಸಿ. ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ಒಳಗೆ ಯಾರಾದರೂ ಎಣ್ಣೆ ಏನಾದರೂ ಹಾಕಿದ್ದಾರೆಯೇ? ಎಣ್ಣೆ ಪಿಯಾನೋದ ವೈರಿ.

ಮೈತ್ರಿ

*

ಜೇವರ್ಗಿ
9 ಅಕ್ಟೋಬರ್ 2024

ಮೈತ್ರಿಯವರಿಗೆ.

ಕಡ್ಡಿಗಳು ಕೂಡಿದವು. ದಾರ ಸುತ್ತಿದ್ದು ಖುರ್ಷಿದ. ಸುತ್ತಿಗೆಗೆ ಕುಬುಸ ಹೊಲಿದ ಮೊದಲ ದರ್ಜಿ ತಾನೇ ಎನ್ನುತ್ತಾಳೆ. ಪೆಡಲ್ ಸುಮ್ಮನಾಯಿತು. ಮೂಕವಾಗಿದ್ದವು ನಾಲ್ಕು ಮಾತಾಡಿವೆ. ಕೆಂಪು ಟಿಕಲಿ ಒಂದೊಂದೇ ಕೀಳುವಾಗ ಬಹಳ ಸಂತೋಷವಾಗುತ್ತದೆ.

ಕೆಳಗೇ ಕೂಡುವ ಪಟ್ಟಿಗಳು ಮಾತ್ರ ಹಾಗೇ ಇವೆ. ಒಂದು ಸುತ್ತಿಗೆ ಬಿಚ್ಚಿ ಹತ್ತಿಬಟ್ಟೆಯಲ್ಲಿ ಸುತ್ತಿ ಇದರೊಂದಿಗೆ ಇಟ್ಟಿದ್ದೇನೆ. ಎಣ್ಣೆ ಯಾರೂ ಹಾಕಿಲ್ಲ. ಇಲಿಯದೇ ಏನೋ ಕಾರಭಾರ ಇರಬೇಕು.

ಕಲ್ಲಿನಾಥ ಮತ್ತೆ ಬಂದಿದ್ದ. ಟೇಪು ಹಿಡಿದು ಉದ್ದಗಲ ಬರೆದುಕೊಂಡು ಹೋದ. ನನ್ನ ಮುಖ ನೋಡಲಿಲ್ಲ.

ಗೌರಾಬಾಯಿ

*

ಪುಣೆ
21 ಅಕ್ಟೋಬರ್ 2024

ಗೌರಕ್ಕನವರಿಗೆ ನಮಸ್ಕಾರ.

ಪೊಟ್ಟಣ ಬಿಚ್ಚಿದ ಕೂಡಲೇ ನನ್ನ ಅವ್ವ ಒಳಗೆ ಬಂದಳೆನಿಸಿತು. ನಿಜವಾಗಿ ತಿರುಗಿ ನೋಡಿದೆ.

ಅವ್ವ ಅಂಬುಬಾಯಿ ನಿಂಬರ್ಗಾದಲ್ಲಿ ಗೌಡರ, ಸಾಹುಕಾರರ ಮನೆಗಳಿಗೆ ಕೂಲಿಗೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಅವರ ಹಿತ್ತಲಲ್ಲಿ ಕೂತು ತೊಗರಿಗೆ ಔಡಲೆಣ್ಣೆ ಸವರುವ ಕೆಲಸ. ಹುಳ ಬೀಳದಂತೆ. ಮನೆಗೆ ಬಂದು ನನ್ನ ತಲೆ ಬಾಚುವಾಗ ಅವಳ ಕೈಯಿಂದ ಬರುತ್ತಿದ್ದ ವಾಸನೆ ಇದೇ. ಪುಣೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ ಗೌರಕ್ಕ. ನೀವು ಕಳಿಸಿದ್ದು ನಿಂಬರ್ಗಾದವಳಿಗೆ.

ನಗುತ್ತಲೇ ಬರೆಯುತ್ತಿದ್ದೇನೆ, ಹೆದರಬೇಡಿ. ಆದರೆ ಈಗ ಸರಿಯಾಗಿ ಹೇಳಿ, ಎಲ್ಲೆಲ್ಲಿ ಸವರಿದ್ದೀರಿ? ಪಟ್ಟಿ ಮತ್ತು ಸುತ್ತಿಗೆಗಳ ಕೀಲಿಗೆ ಮಾತ್ರವಾದರೆ ದಾರಿಯಿದೆ. ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ ತಂದು, ಕೀಲಿಗೆ ಒಂದೊಂದೇ ಹನಿ ಬಿಟ್ಟು, ಅಲುಗಾಡಿಸಿ, ಒಣಗಲು ಬಿಡಿ. ನಾಲ್ಕೈದು ಸಲ ಮಾಡಬೇಕಾಗುತ್ತದೆ. ಹತ್ತಿರ ಒಲೆ, ಊದುಬತ್ತಿ ಬೇಡ. ಆದರೆ ಮೇಲೆ ತಂತಿಗಳನ್ನು ಬಿಗಿದ ಕಬ್ಬಿಣದ ಮೊಳೆಗಳ ಸಾಲಿದೆಯಲ್ಲ, ಅವುಗಳ ಬುಡಕ್ಕೆ ಎಣ್ಣೆ ಇಳಿದಿದ್ದರೆ ಮೊಳೆ ಜಾರುತ್ತದೆ, ತಂತಿ ಸುರದಲ್ಲಿ ನಿಲ್ಲುವುದಿಲ್ಲ. ಹಾಗಾಗಿದ್ದರೆ ನನ್ನಿಂದಲೂ ಆಗದು. ಕಲ್ಲಿನಾಥನಿಗೇ ಕೊಡಬೇಕು.

ಮೊಳೆಗಳು ಒಣಗಿದ್ದರೆ ನಾನೇ ಬರುತ್ತೇನೆ. ಸುರ ಕೂಡಿಸುವುದನ್ನು ಕಾಗದದಲ್ಲಿ ಕಲಿಸಲಾಗದು. ಎಳ್ಳಮಾವಾಸ್ಯೆಗೆ ಹೇಗೂ ಊರಿಗೆ ಬರುವವಳಿದ್ದೇನೆ.

ಮೈತ್ರಿ

*

ಜೇವರ್ಗಿ
3 ನವೆಂಬರ್ 2024

ಮೈತ್ರಿ ತಂಗಿಗೆ ಗೌರಕ್ಕನ ಆಶೀರ್ವಾದ.

ಇನ್ನು ನೀವು ತಾವು ಬೇಡ. ನನ್ನ ಸುಳ್ಳು ಹಿಡಿದುಹಾಕಿದವಳ ಎದುರು ಎಂಥ ಬಿಗುಮಾನ.

ಎಣ್ಣೆ ಹಾಕಿದ್ದು ನಾನೇ. ಪಿಯಾನೋ ಬಂದ ವಾರದಲ್ಲೇ. ಇಷ್ಟು ಮರ, ಇಷ್ಟು ಉಣ್ಣೆ, ಹುಳ ಬಿದ್ದರೆ ಏನು ಗತಿ ಎಂದು ತೊಗರಿಗೆ ಮಾಡುವುದನ್ನೇ ಮಾಡಿದೆ. ಕಡ್ಡಿಗೆ ಹತ್ತಿ ಸುತ್ತಿ ಕೀಲಿಗೆಲ್ಲ ಸವರಿದೆ. ಎಣ್ಣೆ ವೈರಿ ಎಂದು ನೀನು ಬರೆದ ಮೇಲೆ, ಹೇಳಿದರೆ ಕೈಬಿಡುತ್ತೀ ಎಂದು ಇಲಿಯ ಮೇಲೆ ಹಾಕಿದೆ. ಮೊಳೆಗಳಿಗೆ ಮುಟ್ಟಿಸಿಲ್ಲ, ನಿನ್ನಾಣೆ. ಕಬ್ಬಿಣಕ್ಕೆ ಎಲ್ಲಿಯ ಹುಳ? ಆದರೆ ಆಯುಧ ಪೂಜೆಗೆ ಅವುಗಳ ಮೇಲೆ ವಿಭೂತಿ ಎಳೆದಿದ್ದೇನೆ. ಇನ್ನು ಏನನ್ನೂ ಮುಚ್ಚಿಡುವುದಿಲ್ಲ.

ಸ್ಪಿರಿಟ್ ತಂದೆವು. ಪಟ್ಟಿಗಳು ಒಂದೊಂದೇ ಏಳುತ್ತಿವೆ. ಖೋಲಿ ದವಾಖಾನೆಯಂತೆ ನಾರುತ್ತಿದೆ. ಯಜಮಾನರು ಬಾಗಿಲಲ್ಲಿ ನಿಂತು, ರೋಗಿ ಹೇಗಿದ್ದಾರೆ ಎಂದು ಕೇಳುತ್ತಾರೆ.

ನೀನು ಬರುತ್ತೀ ಎಂದರೆ ಅದಕ್ಕಿಂತ ದೊಡ್ಡ ಹಬ್ಬ ಯಾವುದು? ಬಂದಾಗ ಮುಂದಿನ ಬಾಗಿಲಿಗೆ ಬರಬೇಡ, ಹಿತ್ತಲ ಬಾಗಿಲಿನಿಂದಲೇ ಬಾ. ಮುಂದೆ ಪಡಸಾಲೆಯಲ್ಲಿ ಇವರ ವ್ಯಾಪಾರದ ಮಂದಿ ಕೂತಿರುತ್ತಾರೆ. ಹಿಂದಿನಿಂದ ನೇರ ಪಿಯಾನೋದ ಖೋಲಿಗೇ ಬರಬಹುದು. ಊಟವನ್ನೂ ಅಲ್ಲಿಗೇ ತಂದುಕೊಡುತ್ತೇನೆ, ನೀನು ಅಡಿಗೆಮನೆಯ ಕಡೆ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ನಿನ್ನ ಗೌರಕ್ಕ

*

ಪುಣೆ
13 ನವೆಂಬರ್ 2024

ಜೈ ಭೀಮ್.

ಶ್ರೀಮತಿ ಗೌರಾಬಾಯಿಯವರಿಗೆ.

ಮೊಳೆಗಳು ಒಣಗಿವೆ ಎಂದು ತಿಳಿಯಿತು. ವಿಭೂತಿಯಿಂದ ಹಾನಿಯಿಲ್ಲ. ಸ್ಪಿರಿಟಿನ ಕೆಲಸ ಮುಂದುವರಿಸಿ. ನೀವು ಕಳಿಸಿದ ಸುತ್ತಿಗೆಯನ್ನು ಸರಿಮಾಡಿ ಇದರೊಂದಿಗೆ ಮರಳಿಸಿದ್ದೇನೆ.

ಹಿತ್ತಲ ಬಾಗಿಲಿನಿಂದ ಬಂದು ಮಾಡುವ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಸುರ ಕೂಡಿಸಲು ಹೈದರಾಬಾದಿನಲ್ಲಿ ಯಾರಾದರೂ ಸಿಗಬಹುದು.

ಮೈತ್ರಿ

*

ಜೇವರ್ಗಿ
22 ನವೆಂಬರ್ 2024

ಮೈತ್ರಿ ತಂಗಿಗೆ.

ಕಾಗದ ಬಹಳ ಚಿಕ್ಕದಿತ್ತು. ಕೆಲಸದ ಗಡಿಬಿಡಿ ಇರಬೇಕು.

ಹಿತ್ತಲ ಬಾಗಿಲಿನ ಚಿಂತೆ ಬಿಡು. ನಿನ್ನ ಪೆಟ್ಟಿಗೆ ದೊಡ್ಡದಿದ್ದು ಹಿಡಿಸಲಿಕ್ಕಿಲ್ಲ ಎಂದು ಹಾಗೆ ಬರೆದೆಯೇನೋ. ನಾನೇ ಖುರ್ಷಿದಳ ಟೇಪು ತಂದು ಅಳೆದೆ. ಮುಂದಿನ ಬಾಗಿಲಿಗಿಂತ ಅದೇ ಅಗಲ. ಜೋಡೆತ್ತು ಒಟ್ಟಿಗೆ ನುಗ್ಗುತ್ತವೆ. ಹೊಸ್ತಿಲೂ ಇಲ್ಲ, ಎಡವುವ ಭಯವಿಲ್ಲ. ಮೊನ್ನೆ ಸಗಣಿ ಸಾರಿಸಿ ಹಸನು ಮಾಡಿಸಿದ್ದೇನೆ. ನೀನು ಒಂದು ಸಲ ನೋಡಿದರೆ ಅದನ್ನೇ ಇಷ್ಟಪಡುತ್ತೀ.

ಹಸಿರು ಟಿಕಲಿ ಒಂದೂ ಉಳಿದಿಲ್ಲ. ನೀಲಿ ಎರಡೇ. ಹೈದರಾಬಾದಿನವರು ನಮಗೆ ಯಾಕೆ? ಬರುವ ದಿನ ತಿಳಿಸು.

ನಿನ್ನ ಗೌರಕ್ಕ

*

ಜೇವರ್ಗಿ
9 ಡಿಸೆಂಬರ್ 2024

ಮೈತ್ರಿಯವರಿಗೆ.

ಹದಿನೈದು ದಿನ ನಿಮ್ಮ ಕಾಗದದ ದಾರಿ ನೋಡಿದೆ. ಫೋನ್ ಮಾಡಲು ಕೈ ಹೋಗುತ್ತಿತ್ತು. ಎತ್ತದಿದ್ದರೆ ಎಂದು ಬಿಡುತ್ತಿದ್ದೆ.

ಖುರ್ಷಿದಳಿಗೆ ನಿಮ್ಮ ಚಿಕ್ಕ ಕಾಗದ ತೋರಿಸಿ, ಈ ಹುಡುಗಿಗೆ ಬಾಗಿಲಿನ ಮೇಲೆ ಏನು ಸಿಟ್ಟು ನೋಡು ಎಂದೆ. ಅವಳು ಓದಿದಳು. ಆಮೇಲೆ ನಾನು ನಿಮಗೆ ಏನು ಬರೆದಿದ್ದೆ ಎಂದು ಕೇಳಿದಳು. ಹೇಳಿದೆ. ಕತ್ತರಿ ಕೆಳಗಿಟ್ಟಳು.

“ಬಾಗಲಾ ಅಗಲ ಅದನೋ ಇಲ್ಲೋ ಅಂತ ಆಕಿ ಕೇಳಿಲ್ಲ ಗೌರಕ್ಕಾ. ಮೊದಲನೇ ಸಾಲು ಓದಿದಿ? ಆ ಬಾಗಲದಾಗ ಯಾರ್‍ಯಾರು ಬರ್ತಾರ, ಅದನ್ನ ಹೇಳು ನನಗ.”

ಎಣಿಸಿದೆ. ದನಗಳ ಹೆಂಡಿಕಸಕ್ಕೆ ಬರುವ ನಿಂಬೆವ್ವ. ಕಾಳು ಹಸನು ಮಾಡುವ ಹೆಣ್ಣುಮಕ್ಕಳು. ಬಚ್ಚಲ ಮೋರಿ ತೆಗೆಯುವವನು.

“ನನ್ನ ಬಿಟ್ಟಿ. ನಾನೂ ಅದರಾಗೇ ಬರ್ತೇನಿ.”

ಹಿಂದಿನಿಂದ ಬಾ ಎಂದು ನಾನು ಎಂದಾದರೂ ಹೇಳಿದ್ದೇನೆಯೇ ಎಂದು ಕೇಳಿದೆ.

“ಮುಂದಿನಿಂದ ಬಾ ಅಂತನೂ ಹೇಳಿಲ್ಲಲ್ಲ” ಎಂದಳು. ಸಿಟ್ಟಿನಿಂದಲ್ಲ. ಹಾಗೆಂದು ಮತ್ತೆ ಕತ್ತರಿ ಎತ್ತಿಕೊಂಡಳು.

ನಿಮ್ಮ ಅವ್ವನ ಕೈಯ ವಾಸನೆಯ ಮಾತು ನೀವು ಬರೆದಿದ್ದಿರಿ. ಅದನ್ನು ಓದಿದ ಮೇಲೆಯೇ ನಾನು ಹಿತ್ತಲ ಬಾಗಿಲೆಂದು ಬರೆದೆ, ಊಟ ಖೋಲಿಗೇ ತರುತ್ತೇನೆಂದು ಬರೆದೆ, ಅದೂ ಸಾಲದೆ ಟೇಪು ಹಿಡಿದು ಅಳೆದೆ. ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಎಂದು ಬರೆಯಬಹುದು. ಇರಲಿಲ್ಲ. ಆದರೆ ಬಾಗಿಲು ಮಾತ್ರ ಇದ್ದೇ ಇತ್ತು.

ಆ ದಿನ ಯಜಮಾನರು ಉಣ್ಣಲು ಕೂತಾಗ, ಪಿಯಾನೋ ಪಡಸಾಲೆಗೆ ಬರಬೇಕು ಎಂದೆ. ರೊಟ್ಟಿ ಮುರಿಯುವ ಕೈ ನಿಂತಿತು. ಪಡಸಾಲೆ ಅವರ ಗಾದಿಯ ಜಾಗ. ಅವರ ಅಪ್ಪನೂ ಅಲ್ಲೇ ಕೂತು ವ್ಯಾಪಾರ ಮಾಡಿದವರು.

“ಗಿರಾಕಿ ಎಲ್ಲಿ ಕುಂದ್ರಬೇಕು?”

“ನಿಂದ್ರಲಿ. ನಿಂತ್ರ ಮಾತು ಲಗೂ ಮುಗೀತಾವ. ನಿಮಗ ತೊಗರಿಗೆ ಖೋಲಿ ಬೇಕಲ್ಲ, ಇವತ್ತೇ ತಗೋರಿ.”

ಯಾಕೆಂದು ಕೇಳಿದರು. ನಿಮ್ಮ ಎರಡು ಕಾಗದ, ನನ್ನ ಮಾತು, ಎಲ್ಲವನ್ನೂ ಹೇಳಿದೆ. ಉಳಿದ ರೊಟ್ಟಿ ಉಂಡರು. ಕೈ ತೊಳೆಯುತ್ತ, ಅದರ ಭಾರ ಎಷ್ಟು ಎಂದು ಕೇಳಿದರು. ಮಾರನೆಯ ದಿನ ಬಜಾರದಿಂದ ಆರು ಮಂದಿ ಹಮಾಲರು ಬಂದರು. ಹೊಟ್ಟಿನ ಚೀಲ ಹಾಸಿ, ಮೇಲೆ ಪಿಯಾನೋ ಏರಿಸಿ, ಜಗ್ಗುತ್ತ ಮುಂದಕ್ಕೆ ತಂದರು. ಗಾದಿ ಅರ್ಧ ಆಗಿದೆ. ಮುಂದಿನ ಬಾಗಿಲಿನಿಂದ ಒಳಗೆ ಬಂದರೆ ಮೊದಲು ಕಾಣುವುದು ಅದೇ.

ಯಜಮಾನರ ಗಡುವು ಬದಲಾಗಿಲ್ಲ. ಮುಂದಿಟ್ಟರೂ ಗೊಡ್ಡೆಮ್ಮೆ ಗೊಡ್ಡೆಮ್ಮೆಯೇ, ಹಾಡದಿದ್ದರೆ ಕಲ್ಲಿನಾಥ ಬರುತ್ತಾನೆ ಎಂದಿದ್ದಾರೆ. ನೀವು ಬರಲೇಬೇಕೆಂದು ಕೇಳುವ ಮುಖ ನನಗಿಲ್ಲ. ಇಷ್ಟು ತಿಳಿಸಬೇಕಿತ್ತು.

ಗೌರಾಬಾಯಿ

*

ಪುಣೆ
16 ಡಿಸೆಂಬರ್ 2024

ಗೌರಕ್ಕನಿಗೆ ಜೈ ಭೀಮ್.

ಮತ್ತೆ ‘ಮೈತ್ರಿಯವರು’ ಆಗುವುದು ಬೇಡ, ತಂಗಿಯೇ ಇರಲಿ.

ನಿಮ್ಮ ನವೆಂಬರಿನ ಎರಡನೆಯ ಕಾಗದ ಓದಿ ಸಿಟ್ಟು ನೆತ್ತಿಗೇರಿತ್ತು. ಜೋಡೆತ್ತು ನುಗ್ಗುವಲ್ಲಿಗೆ ಬಂದಾಗ ಮಾತ್ರ ನಗು ತಡೆಯಲಾಗಲಿಲ್ಲ. ಅವಮಾನ ಮಾಡುವವರು ಟೇಪು ಹಿಡಿದು ಕೂಡುವುದಿಲ್ಲ ಎಂದು ಅನಿಸಿತು. ಆದರೂ ಉತ್ತರ ಬರೆಯಲಿಲ್ಲ. ನಾನು ಈ ಕೆಲಸಕ್ಕೆ ಸೇರಿದಾಗ ಅವ್ವ ಒಂದೇ ಮಾತು ಹೇಳಿದ್ದಳು: “ಎಲ್ಲಿಗರೆ ಹೋಗು, ಯಾರ ಮನಿಗರೆ ಹೋಗು, ಮುಂದಿನ ಬಾಗಲಾ ಬಡಿ.” ಅದನ್ನು ಮೊದಲೇ ನಿಮಗೆ ತಿಳಿಸಬಹುದಿತ್ತು. ತಿಳಿಸದೆ ನಾನೂ ಬಾಗಿಲು ಹಾಕಿಕೊಂಡು ಕೂತೆ.

ಪಿಯಾನೋ ಸರಿಸಿದ್ದು ಒಳ್ಳೆಯದೇ ಆಯಿತು. ಜಾಗ ಬದಲಾದ ಮೇಲೆ ಅದು ಎರಡು ವಾರ ನೆಲೆಯಾಗಬೇಕು, ಆಮೇಲೇ ಸುರ ಹಿಡಿಯುತ್ತದೆ. ಇದೇ 28ಕ್ಕೆ, ಶನಿವಾರ, ಬರುತ್ತೇನೆ. ಎರಡು ದಿನದ ಕೆಲಸ. ಆದರೆ ಈಗಲೇ ಹೇಳಿಬಿಡುತ್ತೇನೆ, ತಂತಿಗಳು ವರ್ಷಗಟ್ಟಲೆಯಿಂದ ಸಡಿಲವಾಗಿವೆ. ಬಿಗಿಯುವಾಗ ತುಂಡಾಗಲೂಬಹುದು. ಹಾಡುತ್ತದೆಂದು ಮಾತು ಕೊಡಲಾರೆ.

ಬ್ಯಾಟರಿ ಹಿಡಿಯಲು ಒಬ್ಬರು ಬೇಕು. ಅವ್ವನನ್ನು ಕರೆತರುತ್ತೇನೆ. ಊಟ ಎಲ್ಲರ ಜೊತೆ.

ಮೈತ್ರಿ

*

ಜೇವರ್ಗಿ
5 ಜನವರಿ 2025

ಮೈತ್ರಿ ತಂಗಿಗೆ ಗೌರಕ್ಕನ ಶರಣಾರ್ಥಿ. ಅಂಬವ್ವನವರಿಗೂ ತಿಳಿಸು.

ಎರಡು ದಿನ ನಿನ್ನ ತಲೆ ಪಿಯಾನೋದ ಹೊಟ್ಟೆಯೊಳಗೇ ಇತ್ತು. ಬೆನ್ನ ಹಿಂದೆ ನಡೆದದ್ದು ನಿನಗೆ ಗೊತ್ತಿಲ್ಲ, ಅದನ್ನು ಬರೆಯುತ್ತೇನೆ.

ರವಿವಾರ ಮಧ್ಯಾಹ್ನ ನೀನು ಒಂದೇ ಪಟ್ಟಿಯನ್ನು ಬಡಿಯುತ್ತ, ಮೊಳೆ ತಿರುಗಿಸುತ್ತ, ಮತ್ತೆ ಬಡಿಯುತ್ತ ಇದ್ದಿಯಲ್ಲ, ಆಗ ಯಜಮಾನರು ಇಬ್ಬರು ವ್ಯಾಪಾರಿಗಳನ್ನು ಕರೆದುಕೊಂಡು ಬಂದರು. ಉಳಿದ ಅರ್ಧ ಗಾದಿಯ ಮೇಲೆ ನಿನ್ನ ಅವ್ವ, ಖುರ್ಷಿದ, ನಿಂಬೆವ್ವ ಮೂವರೂ ಕಾಲು ಚಾಚಿ ಕೂತಿದ್ದರು. ಖುರ್ಷಿದ ಆ ದಿನ ಮುಂದಿನ ಬಾಗಿಲಿನಿಂದ ಬಂದಿದ್ದಳು. ಬರುವಾಗ ಚಿಲಕವನ್ನು ಬೇಕೆಂದೇ ಹತ್ತು ಸಲ ಬಡಿದಳು. ನಿಂಬೆವ್ವ ಕಸ ಗುಡಿಸಲು ಬಂದವಳು, ಅವಳನ್ನೂ ಖುರ್ಷಿದಳೇ ಎಳೆದು ಕೂಡಿಸಿದ್ದಳು.

ಯಜಮಾನರನ್ನು ಕಂಡ ಕೂಡಲೇ ನಿನ್ನ ಅವ್ವ ಧಡಕ್ಕನೆ ಎದ್ದು ನಿಂತರು. ನಿಂಬೆವ್ವನೂ. ಯಜಮಾನರು ಏನನ್ನುತ್ತಾರೋ ಎಂದು ನೋಡಿದೆ. ಅವರು ಗಾದಿ ನೋಡಿದರು, ವ್ಯಾಪಾರಿಗಳನ್ನು ನೋಡಿದರು.

“ಕುಂದ್ರರಿ ಅಂಬವ್ವ. ನಾವು ನಿಂದ್ರತೇವಿ. ನಿಂತ್ರ ಮಾತು ಲಗೂ ಮುಗೀತಾವಂತ, ಮನ್ಯಾಗ ಕಾಯ್ದೆ ಆಗ್ಯದ.”

ನಿಂಬೆವ್ವ ಕೂತಳು. ನಿನ್ನ ಅವ್ವ ಕೂಡಲಿಲ್ಲ. ಖುರ್ಷಿದ ಸೆರಗು ಜಗ್ಗಿದ ಮೇಲೆ ಕೂತರು, ಆದರೆ ಕಾಲು ಮಡಚಿಕೊಂಡು. ಮೂವರು ಗಂಡಸರು ಗೋಡೆಗೆ ಒರಗಿ, ನಿಂತೇ ಚಹಾ ಕುಡಿದರು. ನಿಂಬರ್ಗಾ ಕಡೆ ತೊಗರಿ ಹೇಗಿದೆ ಎಂದು ಒಬ್ಬ ವ್ಯಾಪಾರಿ ಕೇಳಿದ. ಕೊಯ್ಯುವುದಷ್ಟೇ ತನಗೆ ಗೊತ್ತು, ಮಾರುವುದು ಅವರಿಗೇ ಗೊತ್ತು ಎಂದರು ನಿನ್ನ ಅವ್ವ. ಎಲ್ಲರೂ ನಕ್ಕ ಮೇಲೆ ಅವರ ಕಾಲು ಮೆಲ್ಲಗೆ ಮತ್ತೆ ಚಾಚಿದವು. ನಾನು ಅದನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಕಲ್ಲಿನಾಥ ಬಂದ. ಎಳ್ಳಮಾವಾಸ್ಯೆಯ ಹಿಂದಿನ ದಿನ ಬಾ ಎಂದು ಇವರೇ ಹೇಳಿ ಮರೆತಿದ್ದರಂತೆ. ಹೆಗಲ ಮೇಲೆ ಗರಗಸ, ಹೊರಗೆ ಟಂಟಂ ಗಾಡಿ. ನೀನು ಬಡಿಯುತ್ತಿದ್ದ ಒಂದೇ ಸುರ ಕೇಳಿ, ಇದೇನು ಹಾಡು ಎಂದು ಕೇಳಿದ. ಯಜಮಾನರೂ ನನ್ನ ಕಡೆ ನೋಡಿದರು. ಆಗಲೇ ಆ ತಂತಿ ಟಪ್ಪೆಂದು ತುಂಡಾದದ್ದು. ನೀನು ಏನೋ ಮರಾಠಿಯಲ್ಲಿ ಬೈದೆ. ಕಲ್ಲಿನಾಥ ಗರಗಸವನ್ನು ಹೆಗಲಿನಿಂದ ಇಳಿಸಿದ. ನಿನ್ನ ಪೆಟ್ಟಿಗೆಯಿಂದ ಬೇರೆ ತಂತಿ ತೆಗೆದು ನೀನು ಬಿಗಿಯುವ ತನಕ ಅವನು ಬಾಗಿಲಲ್ಲೇ ಕಾದು ನಿಂತ.

ಆಮೇಲೆ ನೀನು ಎದ್ದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿದೆ. ಬಾವಿಗೆ ಕೊಡ ಇಳಿದಂತೆ ಕೆಳಗಿನ ದನಿ, ಹೋಗುತ್ತ ಹೋಗುತ್ತ ಗೆಜ್ಜೆಯಷ್ಟು ಸಣ್ಣದು. ಆ ವ್ಯಾಪಾರಿಗಳು ದರದ ಮಾತನ್ನೇ ಬಿಟ್ಟರು. ನಾನು ಕಿಟಕಿಯ ಹೊರಗಿರಲಿಲ್ಲ ಮೈತ್ರಿ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರವಿದ್ದೆ.

ಕಲ್ಲಿನಾಥ ಇವರ ಮುಖ ನೋಡಿದ. “ಮಂಚ ಬ್ಯಾಡ ಇನ್ನ” ಎಂದರು ಇವರು. “ಆಕಿಗಿ ಕುಂದ್ರಾಕ ಒಂದ್ ಸ್ಟೂಲ್ ಮಾಡಿಕೊಡು. ಕಾಲು ಪೆಡಲಕ್ಕ ಮುಟ್ಟಬೇಕು ನೋಡು.” ಅವನು ಅದೇ ಟೇಪಿನಿಂದ ನನ್ನ ಮೊಣಕಾಲಿನ ಎತ್ತರ ಅಳೆದುಕೊಂಡು ಹೋದ.

ಈಗ ಬಲಗೈಯ ಎರಡು ಬೆರಳಿನಿಂದ ವಚನವೊಂದರ ಮೊದಲ ಸಾಲು ಬರುತ್ತದೆ. ಎಡಗೈ ಇನ್ನೂ ಗಂಡನ ಮನೆಗೆ ಹೊಸದಾಗಿ ಬಂದವಳಂತೆ ಸುಮ್ಮನೆ ಕೂತಿರುತ್ತದೆ. ಹಿಂದಿನ ಖೋಲಿಯಲ್ಲಿ ತೊಗರಿ ಮಾಡಿಗೆ ಮುಟ್ಟಿದೆ. ಇವರು ಪಿಯಾನೋದ ಬಗ್ಗೆ ಹೊಗಳಿಕೆಯ ಒಂದು ಮಾತೂ ಆಡಿಲ್ಲ. ಅದರ ಕಡೆ ನೋಡುವುದೂ ಇಲ್ಲ. ಇರಲಿ, ಅವರ ಸ್ವಭಾವ ಹಾಗೆ.

ನಿನ್ನ ಗೌರಕ್ಕ

*

ಜೇವರ್ಗಿ
29 ಜನವರಿ 2025

ಮೈತ್ರಿಬಾಯಿಯವರಿಗೆ ನಾಗಣ್ಣನ ನಮಸ್ಕಾರಗಳು.

ನಾನು ಕಾಗದ ಬರೆದದ್ದು ಗೌರಿಗೆ ಗೊತ್ತಿಲ್ಲ. ಫೋನ್ ಮಾಡೋಣವೆಂದರೆ ಅಂಗಡಿಯಲ್ಲಿ ಹಮಾಲರಿಂದ ಹಿಡಿದು ಎಲ್ಲರಿಗೂ ಕೇಳಿಸುತ್ತದೆ. ಆದ್ದರಿಂದ ಈ ಕಾಗದ.

ಗೌರಿ ಮಧ್ಯಾಹ್ನ ಖುರ್ಷಿದಳ ಮನೆಗೆ ಹೋಗುತ್ತಾಳೆ. ನಾನು ಆ ಹೊತ್ತಿಗೆ ಊಟಕ್ಕೆ ಬರುತ್ತೇನೆ. ಕೆಲವು ದಿನಗಳಿಂದ ಊಟವಾದ ಮೇಲೆ ಸ್ವಲ್ಪ ಹೊತ್ತು ಪಿಯಾನೋದ ಮುಂದೆ ಕೂಡುವ ರೂಢಿ ಆಗಿದೆ. ಕೆಳಗಿನ ದಪ್ಪ ದನಿಯವು ನನಗೆ ಹಿಡಿಸುತ್ತವೆ. ಇಂದು ಕೂತಾಗ ಮುಷ್ಟಿಯಲ್ಲಿ ತೊಗರಿಯ ಮಾದರಿ ಇತ್ತು, ಇಳಿಸಿ ಬರುವುದು ಮರೆತಿದ್ದೆ. ಒಂದು ಕಾಳು ಜಾರಿ ಎರಡು ಬಿಳಿ ಪಟ್ಟಿಗಳ ನಡುವೆ ಬಿತ್ತು. ಗೌರಿಯ ಹೇರ್‌ಪಿನ್ನಿನಿಂದ ತೆಗೆಯಲು ಹೋದೆ. ಇನ್ನಷ್ಟು ಒಳಗೆ ಹೋಯಿತು. ಈಗ ಆ ಪಟ್ಟಿ ಒತ್ತಿದರೆ ಕೆಳಗೆ ಹೋಗುತ್ತಿಲ್ಲ. ಅದು ಆಕೆ ನುಡಿಸುವ ಸಾಲಿನ ಮೊದಲನೆಯ ಪಟ್ಟಿ.

ಇಂದು ಅವರಾತ್ರಿ ಅಮಾವಾಸ್ಯೆ, ವಾದ್ಯ ಮುಟ್ಟಬಾರದು ಎಂದು ಹೇಳಿ ಮುಚ್ಚಳ ಹಾಕಿದ್ದೇನೆ. ಆಕೆ ನಂಬಿದಂತೆ ಕಾಣುತ್ತದೆ. ನಾಳೆಗೆ ಏನು ಹೇಳುವುದೋ ತಿಳಿಯದು. ಹಲಗೆಯ ತಿರುಗಣೆ ಯಾವ ಕಡೆ ತಿರುಗಿಸಬೇಕು, ಪಟ್ಟಿ ಹೇಗೆ ಎತ್ತಬೇಕು, ಸಣ್ಣ ಹುಡುಗನಿಗೆ ಹೇಳಿದಂತೆ ಬರೆಯಿರಿ.

ಉತ್ತರವನ್ನು ದಯವಿಟ್ಟು ಅಂಗಡಿಯ ವಿಳಾಸಕ್ಕೇ ಕಳಿಸಿ. ಮನೆಗೆ ಬಂದ ನಿಮ್ಮ ಕಾಗದವನ್ನು ನನ್ನ ಕೈಗೆ ಕೊಡುವ ರೂಢಿ ಇಲ್ಲಿ ಯಾರಿಗೂ ಇಲ್ಲ.

ನಾಗಣ್ಣ